ಎಂಜಿನ್ ಒರೆಸುವ ಕೆಲಸ

೩೪ ವರ್ಷ ರೈಲ್ವೆಯ ಅನ್ನ ತಿಂದವನು ನಾನು. ಆದರೆ ಉಗಿ ಎಂಜಿನ್ನಿನ ಮೈಯನ್ನು ಕೈಯಾರೆ ಒರೆಸಿದ್ದು ನಿವೃತ್ತನಾಗಿ ಒಂಬತ್ತು ವರ್ಷ ಕಳೆದ ಮೇಲೆ. ಅದೂ ಇಂಗ್ಲೆಂಡಿನಲ್ಲಿ, ಸಂಬಳವಿಲ್ಲದೆ. ಈ ಮಾತು ಹೇಳಿದರೆ ನನ್ನ ಸ್ನೇಹಿತರು ನಗುತ್ತಾರೆ. ನಗಲಿ. ರೈಲ್ವೆ ಎಂದ ಕೂಡಲೆ ಜನ ಡ್ರೈವರನ್ನೋ ಗಾರ್ಡನ್ನೋ ನೆನೆಯುತ್ತಾರೆಯೇ ಹೊರತು, ಅವರ ಹಿಂದೆ ಕಾಗದದ ಬೆಟ್ಟವನ್ನು ಕೊರೆಯುತ್ತ ಕುಳಿತಿರುವ ಗುಮಾಸ್ತರ ಸೈನ್ಯವನ್ನು ಯಾರೂ ನೆನೆಯುವುದಿಲ್ಲ. ನಾನು ಆ ಸೈನ್ಯದ ಕಾಲಾಳು. ನನ್ನ ಮೇಜಿನ ಮೇಲೆ ಹಾದುಹೋದ ಎಂಜಿನ್ನುಗಳೆಲ್ಲ ಬರಿಯ ನಂಬರುಗಳು. ಅವಕ್ಕೆ ಹೊಗೆಯಿಲ್ಲ, ಸದ್ದಿಲ್ಲ, ಷರಾ ಮಾತ್ರ ಉಂಟು.

ಅದರಲ್ಲೂ ನನ್ನ ಪಾಲಿಗೆ ಬಂದದ್ದು ಗುಜರಿಯ ಲೆಕ್ಕ. ಕಾಗದದಲ್ಲಿ ಆ ಶಾಖೆಗೆ ಗೌರವದ ಹೆಸರೊಂದಿತ್ತು. ಕೆಲಸ ಮಾತ್ರ ಗುಜರಿಯದೇ. ೧೯೯೨ರಲ್ಲಿ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕುವ ದೊಡ್ಡ ಯೋಜನೆ ಆರಂಭವಾಯಿತಲ್ಲ, ಆಗ ನಮಗೆ ಸುಗ್ಗಿ. ಉಗಿ ಎಂಜಿನ್ನುಗಳು ಒಂದೊಂದಾಗಿ ‘ಕಂಡೆಮ್’ ಆಗಿ, ಷೆಡ್ಡಿನ ಹಿಂದೆ ಹುಲ್ಲು ಬೆಳೆದ ಹಳಿಯ ಮೇಲೆ ಬಂದು ನಿಲ್ಲುತ್ತಿದ್ದವು. ಅವನ್ನು ಲಾಟು ಮಾಡಿ, ತೂಕ ಅಂದಾಜು ಹಾಕಿ, ಕಬ್ಬಿಣವೆಷ್ಟು ತಾಮ್ರವೆಷ್ಟು ಹಿತ್ತಾಳೆಯೆಷ್ಟು ಎಂದು ಬೇರೆ ಬೇರೆ ಅಂಕಣದಲ್ಲಿ ಬರೆದು, ಹರಾಜಿಗೆ ಅಣಿಮಾಡುವುದು ನಮ್ಮ ಕೆಲಸ. ನಾನು ಚುರುಕಿನವನು. ನನ್ನ ಮೇಜಿನಲ್ಲಿ ಯಾವ ಫೈಲೂ ಮೂರು ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ. ಈ ಚುರುಕಿಗೆ ಮೇಲಿನವರಿಂದ ಒಂದು ಮೆಚ್ಚುಗೆಯ ಪತ್ರವೂ ಬಂತು. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆ.

೨೦೧೮ರ ಬೇಸಗೆಯಲ್ಲಿ ನಾನೂ ನನ್ನಾಕೆಯೂ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದೆವು. ಮಗಳು ಅಳಿಯ ಆಗ ಇದ್ದದ್ದು ಯಾರ್ಕ್‌ಷೈರಿನ ಕೀಥ್ಲಿ ಎಂಬ ಊರಿನಲ್ಲಿ. ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದಕ್ಕೂ ಬಾಯಲ್ಲಿ ಹೇಳುವುದಕ್ಕೂ ಏನೇನೂ ಸಂಬಂಧವಿಲ್ಲ. ಬರೆದದ್ದನ್ನು ಓದಿದರೆ ಊರಿನವರಿಗೆ ತಿಳಿಯುವುದಿಲ್ಲ, ತಿಳಿಯುವಂತೆ ಹೇಳಿದರೆ ಬರೆದದ್ದು ಸುಳ್ಳಾಗುತ್ತದೆ. ಅದು ಹಾಗಿರಲಿ. ಅಲ್ಲಿ ನನ್ನಾಕೆಗೆ ಮೊಮ್ಮಗುವಿತ್ತು, ಅಡಿಗೆಮನೆಯಿತ್ತು. ನನಗೆ ಒಂದು ಕಿಟಕಿಯಿತ್ತು. ಕಿಟಕಿಯ ಆಚೆ ಒಂದು ಬೇಲಿ, ಬೇಲಿಯ ಆಚೆ ಪಕ್ಕದ ಮನೆಯವರ ತೋಟ.

ಪಕ್ಕದ ಮನೆಯಾತ ನನ್ನದೇ ವಯಸ್ಸಿನ ನಿವೃತ್ತ ಗಣಿತದ ಮೇಷ್ಟ್ರು. ವಾರವೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುಲಾಬಿ ಗಿಡಗಳಿಗೆ ಕತ್ತರಿ ಹಾಕುತ್ತಿದ್ದ ಈ ಮನುಷ್ಯ ಶನಿವಾರ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಎಲ್ಲಿಗೋ ಹೊರಟುಹೋಗುತ್ತಿದ್ದರು. ಸಂಜೆ ಹಿಂದಿರುಗುವಾಗ ಇದ್ದಿಲ ಮಂಡಿಯಲ್ಲಿ ಕೂಲಿ ಮಾಡಿದವರ ಹಾಗೆ ತಲೆಯಿಂದ ಕಾಲಿನವರೆಗೆ ಕಪ್ಪು. ಮೂರು ಶನಿವಾರ ನೋಡಿದೆ. ನಾಲ್ಕನೆಯದಕ್ಕೆ ತಡೆಯಲಾರದೆ ಬೇಲಿಯ ಬಳಿ ನಿಂತು ಕೇಳಿಯೇಬಿಟ್ಟೆ.

“ಎಂಜಿನ್ ತೊಳೆಯುವುದಕ್ಕೆ ಹೋಗಿದ್ದೆ” ಎಂದರು.

“ಎಷ್ಟು ಕೊಡುತ್ತಾರೆ?” ಲೆಕ್ಕದವನ ಬಾಯಿಂದ ಬೇರೆ ಪ್ರಶ್ನೆ ಬಂದೀತೆ?

“ಅವರೇನೂ ಕೊಡುವುದಿಲ್ಲ. ನಾನೇ ಕೊಡುತ್ತೇನೆ. ವರ್ಷಕ್ಕೊಮ್ಮೆ ಸಂಘಕ್ಕೆ ಚಂದಾ.”

ಹಣ ಕೊಟ್ಟು ಮಸಿ ಬಳಿದುಕೊಂಡು ಬರುವ ಈ ವ್ಯಾಪಾರ ನನಗೆ ಅರ್ಥವಾಗಲಿಲ್ಲ. ಮಾತು ಮುಂದುವರಿಸಬೇಕೆಂದು, “ನಾನೂ ರೈಲ್ವೆಯಲ್ಲಿದ್ದವನೇ, ನಮ್ಮ ಕಡೆಯ ಉಗಿ ಎಂಜಿನ್ನುಗಳ ವಿಷಯವನ್ನೇ ನೋಡಿಕೊಳ್ಳುತ್ತಿದ್ದೆ” ಎಂದೆ. ಒಂದಕ್ಷರವೂ ಸುಳ್ಳಲ್ಲ. ಆದರೆ ಮೇಷ್ಟ್ರ ಮುಖ ಅರಳಿದ ರೀತಿ ನೋಡಿದಾಗಲೇ ಅವರು ಅದನ್ನು ಹೇಗೆ ತಿಳಿದುಕೊಂಡರೆಂದು ನನಗೆ ಗೊತ್ತಾಯಿತು. ತಿದ್ದಬಹುದಾಗಿತ್ತು. ತಿದ್ದಲಿಲ್ಲ. ಪರದೇಶದಲ್ಲಿ ಕಿಟಕಿಯ ಪಕ್ಕ ಕುಳಿತ ಮುದುಕನಿಗೆ ಇಷ್ಟು ಗೌರವ ಸುಲಭಕ್ಕೆ ಸಿಗುವಂಥದಲ್ಲ. ಮುಂದಿನ ಶನಿವಾರಕ್ಕೆ ನಾನು ಸಂಘದ ಸದಸ್ಯನಾಗಿದ್ದೆ.

ಆ ಲೈನಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಕೀಥ್ಲಿಯಿಂದ ಆಕ್ಸನ್‌ಹೋಪಿಗೆ ಸುಮಾರು ೫ ಮೈಲಿ, ವರ್ತ್ ನದಿಯ ಕಣಿವೆಯಲ್ಲಿ ಏರುದಾರಿ. ಅಲ್ಲಿನ ಉಣ್ಣೆಯ ಗಿರಣಿಗಳಿಗಾಗಿ ೧೮೬೭ರಲ್ಲಿ ತೆರೆದದ್ದು. ಲಾಭವಿಲ್ಲವೆಂದು ೧೯೬೨ರಲ್ಲಿ ಬ್ರಿಟಿಷ್ ರೈಲ್ವೆ ಅದನ್ನು ಮುಚ್ಚಿತು. ಅದೇ ವರ್ಷ ಸುತ್ತಿನವರು ಸೇರಿ ಸಂಘ ಕಟ್ಟಿಕೊಂಡು, ಆರು ವರ್ಷ ಓಡಾಡಿ, ೧೯೬೮ರ ಜೂನ್ ೨೯ರಂದು ತಾವೇ ರೈಲು ಬಿಟ್ಟರು. ಅದಾದ ಆರು ವಾರಕ್ಕೆ, ಆಗಸ್ಟ್ ೧೧ರಂದು, ಬ್ರಿಟಿಷ್ ರೈಲ್ವೆ ತನ್ನ ದೊಡ್ಡ ಲೈನುಗಳ ಮೇಲೆ ಕೊನೆಯ ಉಗಿ ರೈಲನ್ನು ಓಡಿಸಿ ಕೈತೊಳೆದುಕೊಂಡಿತು. ನಾನು ಹೋದದ್ದು ಇದೆಲ್ಲ ನಡೆದು ಸರಿಯಾಗಿ ಐವತ್ತು ವರ್ಷ ತುಂಬಿದಾಗ.

ಎಂಜಿನ್ ಷೆಡ್ಡಿರುವುದು ನಡುದಾರಿಯ ಹಾವರ್ತಿನಲ್ಲಿ. ಹಾವರ್ತ್ ಎಂದರೆ ಇಂಗ್ಲಿಷ್ ಓದಿದ ನಮ್ಮವರಿಗೆ ಬ್ರಾಂಟೆ ಸೋದರಿಯರ ಊರು. ಅವರ ಮನೆಯನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಆ ಸೋದರಿಯರಿಗೆ ಬ್ರಾನ್‌ವೆಲ್ ಎಂಬ ಒಬ್ಬ ಸೋದರನಿದ್ದ. ಅವನು ರೈಲ್ವೆಯಲ್ಲಿ ಗುಮಾಸ್ತನಾಗಿದ್ದ. ಲೆಕ್ಕದಲ್ಲಿ ೧೧ ಪೌಂಡು ಚಿಲ್ಲರೆ ಕಡಮೆ ಬಂತೆಂದು ೧೮೪೨ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಜನರೆಲ್ಲ ಆ ಮನೆಯಲ್ಲಿ ಕಾದಂಬರಿ ಬರೆದ ಮೇಜನ್ನು ನೋಡಿ ನಿಟ್ಟುಸಿರಿಟ್ಟರೆ, ನನ್ನ ಮರುಕವೆಲ್ಲ ಈ ಬಡಪಾಯಿ ಗುಮಾಸ್ತನಿಗೆ ಹೋಯಿತು.

ಮೊದಲನೆಯ ಶನಿವಾರ ಬೆಳಗಿನ ಐದೂವರೆಗೆ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಮಗಳು, “ಅಪ್ಪಾ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?” ಎಂದಿದ್ದಳು. ನನ್ನಾಕೆ, “ಹೋಗಿ ಬರಲಿ ಬಿಡೆ, ಮನೇಲಿದ್ರೆ ನನ್ನ ಡಬ್ಬಿಗಳನ್ನೇ ಎಣಿಸ್ತಿರ್ತಾರೆ” ಎಂದು ಅನುಮತಿ ಕೊಟ್ಟಳು. ಒಳಗೆ ಹೊಗೆಯ ಮಬ್ಬಿನಲ್ಲಿ ಏಳೆಂಟು ಜನ ಓಡಾಡುತ್ತಿದ್ದರು. ಎಲ್ಲರೂ ಒಂದೇ ಬಗೆಯ ನೀಲಿ ಉಡುಪು, ಒಂದೇ ಬಗೆಯ ಕೊಳೆ. ಯಾರು ಏನೆಂದು ಹೇಳುವಂತಿಲ್ಲ. ಆಮೇಲೆ ತಿಳಿಯಿತು: ಬೂದಿ ಬಾಚುತ್ತಿದ್ದವನು ಹಲ್ಲಿನ ಡಾಕ್ಟರು, ಕಲ್ಲಿದ್ದಲು ಒಟ್ಟುತ್ತಿದ್ದವನು ಬ್ಯಾಂಕಿನಲ್ಲಿದ್ದವನು, ಎಂಜಿನ್ನಿನ ಹೊಟ್ಟೆಯ ಕೆಳಗಿನ ಗುಂಡಿಯಿಂದ ಕಾಲು ಮಾತ್ರ ಕಾಣುತ್ತಿದ್ದ ಹುಡುಗ ಇನ್ನೂ ಕಾಲೇಜು ಮೆಟ್ಟಲು ಹತ್ತಿರಲಿಲ್ಲ. ಒರೆಸುವವರ ತಂಡಕ್ಕೆ ಯಜಮಾನಿತಿ ಆಸ್ಪತ್ರೆಯ ಒಬ್ಬ ನರ್ಸಮ್ಮ. ಆಕೆ ನನ್ನ ಕೈಗೆ ಚಿಂದಿ ಬಟ್ಟೆಯ ಒಂದು ಮುದ್ದೆಯನ್ನೂ ಎಣ್ಣೆ ಬೆರೆಸಿದ ಸೀಮೆಎಣ್ಣೆಯ ಡಬ್ಬಿಯನ್ನೂ ಕೊಟ್ಟು ಒಂದು ಕಪ್ಪು ಎಂಜಿನ್ನಿನ ಮುಂದೆ ನಿಲ್ಲಿಸಿದಳು.

ಮೈಸೂರಿನಲ್ಲಿ ೧೯೭೯ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡದವರಾರು? ಮಗಳು ಚಿಕ್ಕವಳಿದ್ದಾಗ ಅಲ್ಲಿನ ಎಂಜಿನ್ನೊಂದರ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ ಫೋಟೋ ತೆಗೆಸಿದ್ದೆ. ಅದು ತಣ್ಣಗೆ, ಕಲ್ಲಿನ ಬಸವನ ಹಾಗೆ ನಿಂತಿತ್ತು. ಅದೇ ಭಾವನೆಯಿಂದ ಹಾವರ್ತಿನ ಈ ಎಂಜಿನ್ನಿನ ಪಕ್ಕೆಗೆ ಅಂಗೈ ಇಟ್ಟವನು ಸರಕ್ಕನೆ ಹಿಂದಕ್ಕೆ ತೆಗೆದೆ. ಬೆಚ್ಚಗಿತ್ತು. ಹಿಂದಿನ ದಿನ ಓಡಿದ ಕಾವು ರಾತ್ರಿಯೆಲ್ಲ ಇಳಿದಿರಲಿಲ್ಲ. ಕೊಟ್ಟಿಗೆಯಲ್ಲಿ ಕತ್ತಲಲ್ಲಿ ಹಸುವಿನ ಮೈ ತಗುಲಿದಂತಾಯಿತು. ೩೪ ವರ್ಷ ಯಾವುದರ ತೂಕ ಬರೆದೆನೋ ಅದು ಇದು ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಒರೆಸುವುದು ಎಂದರೆ ಸುಮ್ಮನೆ ತಿಕ್ಕುವುದಲ್ಲ. ಮೇಲಿನಿಂದ ಕೆಳಕ್ಕೆ ಬರಬೇಕು. ಇಲ್ಲದಿದ್ದರೆ ಮೇಲಿನ ಕೊಳೆ ಒರೆಸಿದ ಕಡೆಗೇ ಮತ್ತೆ ಇಳಿಯುತ್ತದೆ. ಬಾಯ್ಲರಿನ ಬಣ್ಣಕ್ಕೆ ಹಗುರವಾದ ಕೈ. ಚಕ್ರಗಳಿಗೂ ಚೌಕಟ್ಟಿಗೂ ಸೀಮೆಎಣ್ಣೆ. ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳುಗಳನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ತುಕ್ಕು ಹಿಡಿಯದಂತೆ ತೆಳ್ಳಗೆ ಎಣ್ಣೆ ಸವರಬೇಕು. ಹಿತ್ತಾಳೆಗೆ ಬೇರೆ ಬಟ್ಟೆ. ಬಟ್ಟೆ ಬೆರೆಸಿದಿರೋ, ನರ್ಸಮ್ಮನ ಕಣ್ಣು ಕೆಂಪಾಗುತ್ತದೆ. ಆಪರೇಷನ್ ಕೋಣೆಯ ಮಡಿಯನ್ನೆಲ್ಲ ಆಕೆ ಷೆಡ್ಡಿಗೆ ತಂದಿದ್ದಳು. ನಮ್ಮ ಅತ್ತೆಯವರು ಬದುಕಿದ್ದು ನೋಡಿದ್ದರೆ ಆಕೆಯನ್ನು ಮೆಚ್ಚಿಕೊಳ್ಳುತ್ತಿದ್ದರು.

ನಾವು ಒರೆಸುತ್ತಿದ್ದಂತೆ ಒಲೆಯ ಕೆಲಸ ಇನ್ನೊಂದು ಕಡೆ ನಡೆದಿರುತ್ತದೆ. ಎಂಜಿನ್ನಿನ ಆ ಭಾಗವನ್ನು ಕನ್ನಡದಲ್ಲಿ ‘ಬೆಂಕಿಪೆಟ್ಟಿಗೆ’ ಎಂದು ಬರೆದರೆ ಓದುಗರು ಜೇಬು ತಡಕಿಕೊಂಡಾರು. ಒಲೆ ಎನ್ನುವುದೇ ಮೇಲು. ಬಚ್ಚಲೊಲೆ ಹಚ್ಚಿದವರಿಗೆ ಇದರ ಸೂತ್ರ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಬಟ್ಟೆ, ಸೌದೆ, ಆಮೇಲೆ ಕಲ್ಲಿದ್ದಲು. ಆದರೆ ಅವಸರ ಕೂಡದು. ತಣ್ಣಗಿರುವ ಬಾಯ್ಲರನ್ನು ಒಮ್ಮೆಗೇ ಕಾಯಿಸಿದರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಲೋಹ ನೋಯುತ್ತದೆ. ಆದ್ದರಿಂದ ಗಂಟೆಗಟ್ಟಲೆ ಮೆಲ್ಲಗೆ ಕಾವು ಏರಿಸಬೇಕು. ಹಂಡೆಯ ತಳದಲ್ಲಿ ಕಟ್ಟುವಂಥ ಕಿಟ್ಟ ಬಾಯ್ಲರಿನೊಳಗೂ ಕಟ್ಟುತ್ತದೆ; ಆಗಾಗ ಬಿರಡೆಗಳನ್ನು ಬಿಚ್ಚಿ ನೀರು ಹಾಯಿಸಿ ಅದನ್ನು ತೊಳೆಯುತ್ತಾರೆ. ಹತ್ತು ವರ್ಷಕ್ಕೊಮ್ಮೆಯಂತೂ ಎಂಜಿನ್ನನ್ನು ಎಲುಬೆಲುಬಾಗಿ ಬಿಚ್ಚಿ, ಬಾಯ್ಲರನ್ನು ಎತ್ತಿ ಹೊರಗಿಟ್ಟು, ಸವೆದದ್ದನ್ನೆಲ್ಲ ಬದಲಿಸುವ ಮಹಾಯಜ್ಞ. ಅದಕ್ಕೆ ಲಕ್ಷಗಟ್ಟಲೆ ಪೌಂಡು, ವರ್ಷಗಟ್ಟಲೆ ಶನಿವಾರ. ಇದ್ದಲಿಗೂ ಈಗ ಕಷ್ಟಕಾಲ. ಕಲ್ಲಿದ್ದಲಿನ ನಾಡೆಂದು ಹೆಸರಾದ ಯಾರ್ಕ್‌ಷೈರಿನಲ್ಲಿಯೇ ಬ್ರಿಟನ್ನಿನ ಕೊನೆಯ ಆಳದ ಗಣಿ, ಕೆಲಿಂಗ್ಲಿ, ೨೦೧೫ರಲ್ಲಿ ಮುಚ್ಚಿತು.

ಎರಡನೆಯ ಶನಿವಾರ ನಾನು ಮೇಷ್ಟ್ರನ್ನು ಕೇಳಿದೆ: “ಹೇಗೂ ಸಂಜೆಗೆ ಮತ್ತೆ ಮಸಿಯಾಗುವುದನ್ನು ಇಷ್ಟು ತಿಕ್ಕುವುದೇಕೆ? ನೋಡುವವರ ಕಣ್ಣಿಗೋಸ್ಕರವೇ?” ಅವರು, “ಕಣ್ಣಿಗೋಸ್ಕರವೇ. ಆದರೆ ನಿಮ್ಮ ಕಣ್ಣಿಗೆ” ಎಂದರು. ಕೊಳೆಯ ಕೆಳಗೆ ಬಿರುಕು ಅಡಗಿಕೊಳ್ಳುತ್ತದೆಯಂತೆ. ಸಡಿಲವಾದ ಬೋಲ್ಟು, ಬಿದ್ದುಹೋದ ಪಿನ್ನು, ಕೂದಲೆಳೆಯ ಬಿರುಕು, ಇವು ಮೊದಲು ಸಿಗುವುದು ಎಂಜಿನಿಯರಿಗಲ್ಲ, ಬಟ್ಟೆ ಹಿಡಿದವನಿಗೆ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಲೆಕ್ಕದ ಪುಸ್ತಕವನ್ನೂ ಹೀಗೇ ಒರೆಸಬೇಕು. ಅಂದಿನಿಂದ ನನ್ನ ಶ್ರದ್ಧೆ ಇಮ್ಮಡಿಯಾಯಿತು. ಎಷ್ಟೆಂದರೆ, ಮುಂದಿನ ವಾರ ಚಕ್ರದ ಕಡ್ಡಿಯೊಂದರಲ್ಲಿ ಬಿರುಕು ಕಂಡುಹಿಡಿದು ಷೆಡ್ಡೆಲ್ಲ ಕೇಳುವಂತೆ ಕೂಗಿದೆ. ಐದು ಜನ ಟಾರ್ಚು ಹಿಡಿದು ಓಡಿಬಂದರು. ನರ್ಸಮ್ಮ ಬಗ್ಗಿ ನೋಡಿ, ಉಗುರಿನಿಂದ ಮೆಲ್ಲಗೆ ಎತ್ತಿದಳು. ನನ್ನ ಚಿಂದಿ ಬಟ್ಟೆಯ ನೂಲು! ಎಣ್ಣೆಯಲ್ಲಿ ನೆಂದು ಅಂಟಿಕೊಂಡಿತ್ತು. ನಾನು ನಾಚಿ ನೀರಾದೆ. ಯಾರೂ ನಗಲಿಲ್ಲ. “ಇಂಥ ತಪ್ಪನ್ನು ಹತ್ತು ಸಲ ಮಾಡಿ. ಕೂಗದೆ ಇರಬೇಡಿ” ಎಂದು ಹೇಳಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಕಂಡಮೇಲೂ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಕೊಂಕು ಉಳಿದೇ ಇತ್ತು. ನಮ್ಮ ಷೆಡ್ಡಿನ ಖಲಾಸಿಗಳು ಬೇಸಗೆಯ ಸುಡುಬಿಸಿಲಿನಲ್ಲಿ ಇದೇ ಕೆಲಸವನ್ನು ಹೊಟ್ಟೆಪಾಡಿಗೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಎಂಜಿನ್ನಿಗೆ ಕುಂಕುಮವಿಟ್ಟು ಕುಂಬಳಕಾಯಿ ಒಡೆದರೆ ಅವರ ಹಬ್ಬ ಮುಗಿಯಿತು. ಬೇಡವೆಂದಾಗ ಬಿಟ್ಟು ಮನೆಗೆ ಹೋಗಿ ಬಿಸಿನೀರಿನಲ್ಲಿ ಮೀಯಬಹುದಾದ ಈ ಹಲ್ಲಿನ ಡಾಕ್ಟರುಗಳ ಕೊಳೆಯೂ ಆ ಕೊಳೆಯೂ ಒಂದೆಯೇ? ಇದು ಹೊಟ್ಟೆ ತುಂಬಿದವರ ಆಟವಲ್ಲವೆ?

ಇದನ್ನೇ ಒಂದು ದಿನ ಸ್ವಲ್ಪ ನಯ ಮಾಡಿ ಅಲ್ಲಿನ ಒಬ್ಬ ಹಿರಿಯನ ಮುಂದೆ ಇಟ್ಟೆ. ಈತನೊಬ್ಬನೇ ಅಲ್ಲಿ ಅಸಲಿ ಕ್ಲೀನರು. ಹದಿನೈದನೆಯ ವಯಸ್ಸಿನಲ್ಲಿ ಸರ್ಕಾರಿ ರೈಲ್ವೆಯ ಷೆಡ್ಡಿಗೆ ಸೇರಿ ಕೂಲಿಗೆ ಎಂಜಿನ್ ಒರೆಸಿದವನು. ಮಾತು ಕಡಮೆ. ನನ್ನ ಪ್ರಶ್ನೆಗೆ ಅವನು ಬಟ್ಟೆ ಹಿಂಡುತ್ತ ಹೇಳಿದ: “ಆಟವೇ. ನಾನು ಹುಡುಗನಾಗಿದ್ದಾಗ ಇಲ್ಲಿಗಿಂತ ಎರಡು ಷಿಲ್ಲಿಂಗು ಹೆಚ್ಚು ಕೊಡುವ ಕಾರ್ಖಾನೆ ಸಿಕ್ಕಿದ್ದರೆ ತಿರುಗಿ ನೋಡದೆ ಓಡಿಹೋಗುತ್ತಿದ್ದೆ. ನನ್ನ ಜೊತೆಯವರು ಓಡಿಯೂ ಹೋದರು. ಕೊನೆಗೆ ಒರೆಸುವುದಕ್ಕೆ ಜನವೇ ಇಲ್ಲ. ಎಂಜಿನ್ನುಗಳು ನಂಬರು ಸಹ ಕಾಣದಷ್ಟು ಕೊಳಕಾಗಿ ಓಡುತ್ತಿದ್ದವು. ಹೇಗೂ ಸಾಯುವ ಮುದುಕನಿಗೆ ಸ್ನಾನವೇಕೆ ಎಂದು ಬಿಟ್ಟುಬಿಟ್ಟೆವು.” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅದಕ್ಕೇ ಬರುತ್ತೇನೆ” ಎಂದ.

ನಾನು ಒರೆಸುತ್ತಿದ್ದ ಕಪ್ಪು ಎಂಜಿನ್ನಿನ ನಂಬರು ೪೩೯೨೪. ೧೯೨೦ರಲ್ಲಿ ಡಾರ್ಬಿಯ ಕಾರ್ಖಾನೆಯಲ್ಲಿ ಕಟ್ಟಿದ್ದು. ಗೂಡ್ಸು ಎಳೆಯುವುದಕ್ಕೆಂದು ಮಾಡಿದ ಆರು ಚಕ್ರದ ಗೇಯ್ಮೆಯ ಎತ್ತು. ಸಿಲಿಂಡರುಗಳು ಹೊರಕ್ಕೆ ಕಾಣುವುದಿಲ್ಲ, ಚೌಕಟ್ಟಿನ ಒಳಗಿವೆ. ಅದಕ್ಕೇ ಆ ಹುಡುಗ ಗುಂಡಿಯೊಳಗೆ ಇಳಿದು ಮೈಯೆಲ್ಲ ಎಣ್ಣೆ ಮಾಡಿಕೊಳ್ಳುತ್ತಿದ್ದದ್ದು. ಟೆಂಡರು ಬಿಟ್ಟು ಸುಮಾರು ೪೯ ಟನ್ನು ತೂಗುತ್ತದೆ. ಕ್ಷಮಿಸಬೇಕು, ಹಳೆಯ ಚಾಳಿ; ಮೊದಲ ದಿನವೇ ಇದನ್ನು ಕೇಳಿ ತಿಳಿದುಕೊಂಡಿದ್ದೆ. ಒಲೆ ತಾಮ್ರದ್ದೆಂದು ಕೇಳಿದಾಗ ಮನಸ್ಸು ತಾನಾಗಿಯೇ ಬೇರೆ ಅಂಕಣಕ್ಕೆ ಹೋಯಿತು.

ಐದನೆಯ ಶನಿವಾರ ಚಹದ ಹೊತ್ತಿನಲ್ಲಿ ಮೇಷ್ಟ್ರು ಅದರ ಪೂರ್ವೋತ್ತರ ಹೇಳಿದರು.

ಬ್ರಿಟಿಷ್ ರೈಲ್ವೆ ಉಗಿ ಎಂಜಿನ್ನುಗಳನ್ನು ಗುಜರಿಗೆ ಹಾಕತೊಡಗಿದಾಗ ಕೊಂಡವರಲ್ಲಿ ದಕ್ಷಿಣ ವೇಲ್ಸಿನ ಬ್ಯಾರಿ ಎಂಬ ಕಡಲಂಚಿನ ಊರಿನ ವುಡ್‌ಹ್ಯಾಮ್ ಎಂಬುವನೂ ಒಬ್ಬ. ೧೯೫೯ರಿಂದ ಆರಂಭಿಸಿ ಅವನು ಕೊಂಡ ಎಂಜಿನ್ನುಗಳು ಒಟ್ಟು ೨೯೭. ಜೊತೆಗೆ ಸಾವಿರಾರು ಹಳೆಯ ವ್ಯಾಗನ್ನುಗಳನ್ನೂ ಕೊಂಡಿದ್ದ. ವ್ಯಾಗನ್ ಕತ್ತರಿಸುವುದು ಸುಲಭ, ಎಂಜಿನ್ ಕತ್ತರಿಸುವುದು ತ್ರಾಸ. ಬುದ್ಧಿವಂತ ವ್ಯಾಪಾರಿಯ ಹಾಗೆ ಅವನು ಸುಲಭದ್ದನ್ನು ಮೊದಲು ಹಿಡಿದ. ಎಂಜಿನ್ನುಗಳು ಎಲ್ಲಿಗೆ ಹೋಗುತ್ತವೆ, ಆಮೇಲೆ ನೋಡಿದರಾಯಿತು ಎಂದು ಬದಿಗೆ ನಿಲ್ಲಿಸಿದ. ಅವು ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುತ್ತ ವರ್ಷಗಟ್ಟಲೆ ನಿಂತವು. ಉಳಿದ ಗುಜರಿಯವರು ಚುರುಕಾಗಿ ಕೆಲಸ ಮುಗಿಸಿ ದೇಶದ ಎಂಜಿನ್ನುಗಳನ್ನೆಲ್ಲ ಕರಗಿಸಿದರು. ಇವನ ಅಂಗಳದಲ್ಲಿ ಮಾತ್ರ ಸಾಲು ಸಾಲಾಗಿ ಉಳಿದವು. ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಸಂಘ ಹುಟ್ಟಿ, ಜನ ಡಬ್ಬಿ ಹಿಡಿದು ಹಣ ಕೂಡಿಸಿ ಬಂದು, ಗುಜರಿಯ ಬೆಲೆಗೆ ಒಂದೊಂದನ್ನೇ ಬಿಡಿಸಿಕೊಂಡು ಹೋಗತೊಡಗಿದರು. ೨೯೭ರಲ್ಲಿ ೨೧೩ ಉಳಿದುಕೊಂಡವು. ಕೊನೆಯದು ಆ ಅಂಗಳ ಬಿಟ್ಟದ್ದು ೧೯೯೦ರಲ್ಲಿ. ಎಲ್ಲಕ್ಕಿಂತ ಮೊದಲು ಬಿಟ್ಟದ್ದು, ೧೯೬೮ರ ಸೆಪ್ಟೆಂಬರಿನಲ್ಲಿ, ಈ ೪೩೯೨೪.

“ಅಂದರೆ, ಆ ಮನುಷ್ಯ ತಡಮಾಡಿದ್ದರಿಂದ ಉಳಿಯಿತು” ಎಂದೆ.

“ತಡಮಾಡಿದ್ದರಿಂದಲೇ” ಎಂದರು ಮೇಷ್ಟ್ರು ಸಂತೋಷದಿಂದ. “ಈ ದೇಶದ ಉಗಿ ಎಂಜಿನ್ನುಗಳ ಚರಿತ್ರೆಯಲ್ಲಿ ಆ ವಿಳಂಬದಷ್ಟು ಉಪಕಾರ ಇನ್ನಾವುದೂ ಮಾಡಿಲ್ಲ.”

ನನ್ನ ಕೈಯಲ್ಲಿ ಚಹದ ಲೋಟವಿತ್ತು. ಅದನ್ನು ಕೆಳಗಿಟ್ಟೆ.

೧೯೯೪ರಲ್ಲಿ ನಮ್ಮ ಕಡೆಯ ಒಂದು ಷೆಡ್ಡಿನಿಂದ ನಿವೃತ್ತನಾದ ಒಬ್ಬ ಡ್ರೈವರು ನನ್ನ ಮೇಜಿನ ಮುಂದೆ ಬಂದು ನಿಂತಿದ್ದರು. ಬೋಳುತಲೆ, ಹೆಗಲ ಮೇಲೆ ಟವೆಲು. ಸೈಕಲ್ ತುಳಿದುಕೊಂಡು ಬಂದವರು ಏದುಸಿರು ಬಿಡುತ್ತಿದ್ದರು. “ಸ್ವಾಮಿ, ಒಂದು ಅರಿಕೆ ಇತ್ತು” ಎಂದರು. ಹರಾಜಿಗೆ ನಿಂತ ಎಂಜಿನ್ನುಗಳಲ್ಲಿ ಒಂದನ್ನು ಅವರು ಹನ್ನೊಂದು ವರ್ಷ ಓಡಿಸಿದ್ದರಂತೆ. ಅದರ ಪಕ್ಕದಲ್ಲಿರುವ ಹಿತ್ತಾಳೆಯ ನಂಬರ್ ಫಲಕ ಬೇಕು. ಬಿಟ್ಟಿಯಲ್ಲ, ತೂಗಿ ಹಿತ್ತಾಳೆಯ ಧಾರಣೆ ಎಷ್ಟೋ ಅಷ್ಟು ಕೊಡುತ್ತೇನೆ ಎಂದರು. ಅರ್ಜಿ ಕೊಡಿ ಎಂದೆ. ಅಲ್ಲೇ ಬೆಂಚಿನ ಮೇಲೆ ಕುಳಿತು ಗುಂಡು ಅಕ್ಷರದಲ್ಲಿ ಬರೆದುಕೊಟ್ಟರು. ನಿಯಮ ನೋಡಿದೆ. ಲಾಟಿನಲ್ಲಿ ಸೇರಿದ ವಸ್ತುವನ್ನು ಬಿಡಿಯಾಗಿ ಕೊಡಲು ಅವಕಾಶವಿರಲಿಲ್ಲ. ಹಾಗೆಂದು ಟಿಪ್ಪಣಿ ಬರೆದೆ, ಮೇಲಿನವರು ರುಜು ಹಾಕಿದರು, ಮೂರನೆಯ ದಿನಕ್ಕೆ ಅವರಿಗೆ ಉತ್ತರ ಹೋಯಿತು. ಮೂರನೆಯ ದಿನ! ಅಷ್ಟು ಬೇಗ ಉತ್ತರ ಬರಬಹುದೆಂದು ಆ ಮನುಷ್ಯ ನಿರೀಕ್ಷಿಸಿಯೇ ಇರಲಾರರು.

ಅದಾದ ಮೇಲೆ ಕೊಂಡವರಿಗೆ ಮಾಲು ತೋರಿಸುವ ದಿನ ನಾನು ಪಟ್ಟಿ ಹಿಡಿದು ಅಂಗಳಕ್ಕೆ ಹೋಗಿದ್ದೆ. ಡ್ರೈವರು ಅಲ್ಲಿದ್ದರು. ನನ್ನ ಮೇಲೆ ಕೋಪವೇನೂ ತೋರಿಸಲಿಲ್ಲ. ಕೈಯೆತ್ತಿ ನಮಸ್ಕಾರ ಮಾಡಿದರು. ಆಮೇಲೆ ಹೆಗಲಿನ ಟವೆಲನ್ನು ತೆಗೆದು, ಆ ಫಲಕವನ್ನು ಒರೆಸಿದರು. ಬಾಯಿಯ ಆವಿ ಊದಿ ಮತ್ತೊಮ್ಮೆ ಒರೆಸಿದರು. ಅದರ ಸುತ್ತ ಒಂದು ಮೊಳದಷ್ಟು ಜಾಗವನ್ನೂ ಒರೆಸಿ, ಟವೆಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಸೈಕಲ್ ಹತ್ತಿದರು. ವಾರದೊಳಗೆ ಗ್ಯಾಸು ಹಿಡಿದು ಕತ್ತರಿಸುವ ಎಂಜಿನ್ನನ್ನು ಒರೆಸಿ ಹೋಗುವ ಈ ಹುಚ್ಚಿನ ಕಥೆಯನ್ನು ನಾನು ಕಛೇರಿಯಲ್ಲಿ ಸ್ವಾರಸ್ಯವಾಗಿ ಹೇಳಿದೆ. ಎಲ್ಲರೂ ನಕ್ಕರು.

ಆ ಫೈಲನ್ನು ಎರಡು ತಿಂಗಳು ಕೆಳಗಿನ ಖಾನೆಯಲ್ಲಿ ಮರೆತಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ನಮ್ಮಲ್ಲಿ ಡಬ್ಬಿ ಹಿಡಿದು ಬರುವ ಸಂಘವಿರಲಿಲ್ಲ. ಗೇಜು ಬದಲಾದ ಮೇಲೆ ಅದನ್ನು ಓಡಿಸುವ ಹಳಿಯೂ ಉಳಿಯುತ್ತಿರಲಿಲ್ಲ. ಆದರೆ ಮೇಲಿನ ಅಧಿಕಾರಿಗಳು ಆಗಾಗ ಬದಲಾಗುತ್ತಿದ್ದರು. ಎರಡು ತಿಂಗಳಲ್ಲಿ ಹಿತ್ತಾಳೆಯ ಆ ಫಲಕಕ್ಕೆ ದಾರಿ ಬಿಡುವ ಮನಸ್ಸಿನವರು ಯಾರಾದರೂ ಬರುತ್ತಿದ್ದರೋ ಏನೋ. ಸರ್ಕಾರಿ ಕಛೇರಿಯ ವಿಳಂಬವನ್ನು ಜನ ಸಾವಿರ ಬಾಯಿಂದ ಬಯ್ಯುತ್ತಾರೆ. ನಾನು ವಿಳಂಬ ಮಾಡಬೇಕಾದ ಒಂದೇ ಒಂದು ಕಡೆ ಮಾಡಲಿಲ್ಲ.

ಇದನ್ನೆಲ್ಲ ಆವತ್ತು ಚಹದ ಮೇಜಿನಲ್ಲಿ ಹೇಳಿಬಿಟ್ಟೆ. ನಾನು ಡ್ರೈವರಲ್ಲ, ಫಿಟ್ಟರಲ್ಲ, ನೀವು ತಿಳಿದಂಥ ಯಾರೂ ಅಲ್ಲ. ಗುಜರಿಯ ಲೆಕ್ಕದ ಗುಮಾಸ್ತ ಎಂದೆ. ನನ್ನ ಇಂಗ್ಲಿಷು ಅಂಥ ಸಮಯದಲ್ಲಿ ಕೈಕೊಡುತ್ತದೆ. ಆದರೂ ಅವರಿಗೆ ಅರ್ಥವಾಯಿತೆಂದು ಮುಖಗಳೇ ಹೇಳಿದವು. ಮೇಷ್ಟ್ರು ತಮ್ಮ ಬೂಟನ್ನು ನೋಡುತ್ತಿದ್ದರು. ಗುಂಡಿಯ ಹುಡುಗ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ.

“ಒಟ್ಟು ಎಷ್ಟು?” ಎಂದಳು ನರ್ಸಮ್ಮ.

“೬೧” ಎಂದೆ. ಲೆಕ್ಕ ತಪ್ಪುವವನಲ್ಲ ನಾನು.

ಹಿರಿಯ ಕ್ಲೀನರು ಬಿಸ್ಕತ್ತನ್ನು ಚಹದಲ್ಲಿ ಅದ್ದಿ ತಿಂದು, “ಬ್ಯಾರಿಗೆ ಹೋದವುಗಳ ಕಾಗದವನ್ನೂ ಯಾವನೋ ಒಬ್ಬ ಗುಮಾಸ್ತ ಬರೆದೇ ಇರಬೇಕಲ್ಲ” ಎಂದ. ಅದು ಸಮಾಧಾನವೋ, ಬರಿಯ ವಿಚಾರವೋ ನನಗೆ ತಿಳಿಯಲಿಲ್ಲ. ನರ್ಸಮ್ಮ ಎದ್ದು ಗಡಿಯಾರ ನೋಡಿದಳು. “ಟೆಂಡರಿನ ಹಿಂಬದಿ ಇನ್ನೂ ಹಾಗೇ ಇದೆ” ಎಂದು ನನ್ನ ಡಬ್ಬಿಯನ್ನು ಎತ್ತಿ ಕೈಗೆ ಕೊಟ್ಟಳು.

ಆಮೇಲೆ ಇನ್ನೂ ಆರು ಶನಿವಾರ ಹೋದೆ. ಯಾರೂ ಆ ಮಾತನ್ನು ಎತ್ತಲಿಲ್ಲ. ಆದರೆ ಭಾರತದ ಎಂಜಿನ್ನುಗಳ ವಿಷಯ ನನ್ನನ್ನು ಕೇಳುವುದು ನಿಂತಿತು. ಅದರ ಬದಲು ಹುಡುಗ ಒಂದು ದಿನ ತನ್ನ ಕಾಲೇಜಿನ ಖರ್ಚಿನ ಲೆಕ್ಕ ತಂದು ತೋರಿಸಿ ತಪ್ಪು ಹುಡುಕಿಕೊಡಿ ಎಂದ. ಹುಡುಕಿಕೊಟ್ಟೆ.

ಊರಿಗೆ ಹೊರಡುವ ಮುಂಚಿನ ಶನಿವಾರ ಒಂದು ಸಣ್ಣ ಘಟನೆ ನಡೆಯಿತು. ಷೆಡ್ಡಿನಲ್ಲಿ ಒಳ್ಳೆಯ ಒರೆಸುವ ಬಟ್ಟೆಗೆ ಯಾವಾಗಲೂ ಬರ. ಈಗಿನ ಅಂಗಿಗಳಲ್ಲಿ ಅರ್ಧಕ್ಕರ್ಧ ನೈಲಾನು, ಎಣ್ಣೆಯನ್ನು ಹೀರುವುದಿಲ್ಲ, ಸುಮ್ಮನೆ ಸವರುತ್ತದೆ. ನಾನು ಮನೆಯಲ್ಲಿ ಉಡುತ್ತಿದ್ದ ಹಳೆಯ ಪಂಚೆಯೊಂದು ಪೆಟ್ಟಿಗೆಯಲ್ಲಿತ್ತು. ಒಗೆದು ಒಗೆದು ಹೂವಿನ ಎಸಳಿನಂತಾಗಿತ್ತು. ಅದನ್ನು ನಾಲ್ಕು ತುಂಡು ಮಾಡಿ ತೆಗೆದುಕೊಂಡು ಹೋದೆ. ನರ್ಸಮ್ಮ ಒಂದು ತುಂಡನ್ನು ಬೆರಳಿನಲ್ಲಿ ಹೊಸಕಿ ನೋಡಿ, ಎಂಜಿನ್ನಿನ ಹಿತ್ತಾಳೆಯ ಮೇಲೆ ಒಮ್ಮೆ ಆಡಿಸಿ, ಎಲ್ಲರನ್ನೂ ಕರೆದು ತೋರಿಸಿದಳು. ಹಿರಿಯ ಕ್ಲೀನರು ತನ್ನ ಪಾಲಿನ ತುಂಡನ್ನು ಜೇಬಿಗೆ ಹಾಕಿಕೊಂಡ. ಮತ್ತೆ ಹೊರಗೆ ತೆಗೆಯಲಿಲ್ಲ. ಇಂಥದು ಇನ್ನೂ ಸಿಗುತ್ತದೆಯೇ ಎಂದು ಕೇಳಿದರು. ನಮ್ಮ ದೇಶದಲ್ಲಿ ಇದಕ್ಕೇನು ಕೊರತೆ ಎಂದು ಮಾತು ಕೊಟ್ಟು ಬಂದೆ.

ಮಾತು ಕೊಡುವುದು ಸುಲಭ. ನಮ್ಮ ಬೀದಿಗೆ ತಿಂಗಳಿಗೊಮ್ಮೆ ಹಳೆಯ ಬಟ್ಟೆ ಹಾಕಿಸಿಕೊಂಡು ಸ್ಟೀಲು ಪಾತ್ರೆ ಕೊಡುವ ಹೆಂಗಸು ಬರುತ್ತಾಳೆ. ನನ್ನಾಕೆಗೂ ಅವಳಿಗೂ ಇಪ್ಪತ್ತು ವರ್ಷದ ವ್ಯವಹಾರ. ಇಂಗ್ಲೆಂಡಿನಿಂದ ಬಂದಮೇಲೆ ನನ್ನ ಪಂಚೆಯೊಂದೂ ಅವಳ ಗಂಟಿಗೆ ಹೋಗಿಲ್ಲ. ಒಗೆಸಿ, ಅಂಚು ಕತ್ತರಿಸಿ, ಹನ್ನೆರಡು ತುಂಡಿಗೊಂದು ಕಟ್ಟಿನಂತೆ ಜೋಡಿಸಿಡುತ್ತೇನೆ. ಆ ಕಡೆಗೆ ಹೋಗುವವರು ಯಾರಾದರೂ ಸಿಕ್ಕರೆ ಪೆಟ್ಟಿಗೆಯಲ್ಲಿ ಒಂದು ಕಟ್ಟು ತುರುಕುತ್ತೇನೆ. ಕಟ್ಟುಗಳನ್ನಿಡಲು ಬೀರುವಿನಲ್ಲಿ ಜಾಗ ಸಾಲದೆ, ನಡುಮನೆಯ ಗೋಡೆಯಿಂದ ಇಳಿಸಿ ಅಲ್ಲಿಟ್ಟಿದ್ದ ಮೆಚ್ಚುಗೆಯ ಪತ್ರವನ್ನು ಅಟ್ಟಕ್ಕೆ ಹಾಕಿದ್ದಾಯಿತು. “ಅಲ್ಲಾಂದ್ರೆ, ಈ ತಿಂಗಳಿಗೆ ಒಂದು ಡಬರಿ ಬರ್ತಿತ್ತು” ಎಂದು ನನ್ನಾಕೆ ಪ್ರತಿ ಸಲವೂ ಹೇಳುತ್ತಾಳೆ.